ಬುಷ್ ಹೋಯ್ತಾ, ಇನ್ನೂ ಇದೆಯಾ?

ನನ್ನ ಹಳೇ ಪಿಕಪ್ ಗಾಡಿಯ ಕೆಳಗೆ ಟಾರ್ಚ್ ಬಿಟ್ಟು ನೋಡಿದ ಮೇಸ್ತ್ರಿ, ‘ಬುಷ್ ಎಲ್ಲಾ ಬಿರುಕು ಬಿಟ್ಟಿದೆ ಸಾರ್, ಪೂರ್ತಿ ಸೆಟ್ ಹಾಕಿಬಿಡೋಣ’ ಎಂದರು. ಹಾಕಿಸಿದೆ. ಬುಷ್ ಎಂದರೆ, ಗಾಡಿಯ ಭಾರ ಹೊರುವ ಪ್ಲೇಟ್ ಸ್ಪ್ರಿಂಗಿನ (ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು) ತುದಿಯ ಬಳೆಯೊಳಗೆ ಬೋಲ್ಟಿನ ಸುತ್ತ ಕೂರುವ ರಬ್ಬರ್ ಕೊಳವೆ. ಹಿಂದಿನ ಪ್ಲೇಟ್ ಸ್ಪ್ರಿಂಗುಗಳಿಂದ ಬಿಚ್ಚಿದ ಆರೂ ಬುಷ್‌ಗಳನ್ನು ಚೀಲದಲ್ಲಿ ಮನೆಗೆ ತಂದು ಬ್ಲೇಡಿನಿಂದ ಕೊಯ್ದೆ. ನಾಲ್ಕರಲ್ಲಿ ಬಿರುಕು ಒಂದು ಮಿಲಿಮೀಟರೂ ಒಳಗಿಳಿದಿರಲಿಲ್ಲ. ಒಳಗಿನ ರಬ್ಬರ್ ಒತ್ತಿದರೆ ಪುಟಿಯುತ್ತಿತ್ತು. ಹೋಗಿದ್ದು ಎರಡೇ, ಎರಡೂ ಸೈಲೆನ್ಸರ್ ಪಕ್ಕದವು.

ರಬ್ಬರ್ ಎಂದರೆ ನೂಲಿನ ಸಿಕ್ಕಿನಂತೆ ಹೆಣೆದುಕೊಂಡ ಉದ್ದುದ್ದ ಅಣುಸರಪಳಿಗಳು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿದಾಗ ಈ ಸರಪಳಿಗಳ ನಡುವೆ ಗಂಧಕದ ಕೊಂಡಿ ಬಿತ್ತು. ಎಳೆದು ಬಿಟ್ಟರೆ ರಬ್ಬರ್ ಮತ್ತೆ ಮೊದಲಿನ ಆಕಾರಕ್ಕೆ ಬರುವುದು ಆ ಕೊಂಡಿಗಳಿಂದ. ಗಾಳಿಯಲ್ಲಿರುವ ಚೂರುಪಾರು ಓಝೋನ್, ರಬ್ಬರ್ ಬಿಗಿಯಾಗಿ ಹಿಗ್ಗಿರುವ ಕಡೆ ಸರಪಳಿಗಳನ್ನು ಕತ್ತರಿಸುತ್ತದೆ. ಟಾರ್ಚಿಗೆ ಕಾಣುವ ಗೆರೆಗಳು ಬಹುಪಾಲು ಇದರ ಕೆಲಸ, ಮೇಲ್ಮೈಯಲ್ಲೇ ಶುರು. ಒಳಗಿನ ತನಕ ಕೆಡಿಸುವುದು ಕಾವು ಮತ್ತು ಎಣ್ಣೆ. ಕೀಚ್ ಸದ್ದು ನಿಲ್ಲಲಿ ಅಂತ ಹಳೇ ಎಂಜಿನ್ ಆಯಿಲ್ ಬಿಡುವವರಿದ್ದಾರೆ. ನಾಲ್ಕು ದಿನ ಸದ್ದು ನಿಲ್ಲುತ್ತದೆ, ರಬ್ಬರ್ ಮಾತ್ರ ಎಣ್ಣೆ ಕುಡಿದು ಊದಿಕೊಂಡು ಮೆತ್ತಗಾಗುತ್ತದೆ. (ದೊಡ್ಡ ಲಾರಿಗಳ ಗನ್‌ಮೆಟಲ್ ಎಂಬ ಕಂಚಿನ ಬುಷ್ ಬೇರೆಯೇ ಜಾತಿ, ಅದಕ್ಕೆ ಗ್ರೀಸೇ ಅನ್ನ.)

ಹಾಗಾಗಿ ನಾನೀಗ ಬಿರುಕು ಎಣಿಸುವುದಿಲ್ಲ, ಬೋಲ್ಟ್ ಎಲ್ಲಿ ಕೂತಿದೆ ಅಂತ ನೋಡುತ್ತೇನೆ. ಪ್ಲೇಟಿನ ಕಣ್ಣಿನೊಳಗೆ, ಅಂದರೆ ಆ ತುದಿಯ ಬಳೆಯೊಳಗೆ, ಅದು ಸರಿಯಾಗಿ ನಡುವೆ ಇರಬೇಕು. ಒಂದು ಬದಿಗೆ ವಾಲಿ, ಆ ಕಡೆಯ ರಬ್ಬರ್ ಹಾಳೆಯಷ್ಟು ತೆಳುವಾಗಿದ್ದರೆ ಅನುಮಾನ ಬೇಡ. ಆಮೇಲೆ ಚಕ್ರಕ್ಕೆ ಕಲ್ಲು ಕೊಟ್ಟು, ಕಣ್ಣಿಗೂ ಅದನ್ನು ಚಾಸಿಗೆ ಹಿಡಿದಿರುವ ಹ್ಯಾಂಗರ್‌ಗೂ ನಡುವೆ ಸಣ್ಣ ಹಾರೆ ತೂರಿಸಿ ಮೀಟಬೇಕು. ರಬ್ಬರ್ ಸ್ವಲ್ಪ ಜಗ್ಗಿ, ಬಿಟ್ಟೊಡನೆ ವಾಪಸ್ ಬಂದರೆ ಇನ್ನೂ ಓಡುತ್ತದೆ. ‘ಟಕ್’ ಅಂತ ಕಬ್ಬಿಣಕ್ಕೆ ಕಬ್ಬಿಣ ಬಡಿದರೆ, ಇಲ್ಲವೇ ಸುತ್ತ ಕೆಂಪು ತುಕ್ಕಿನ ಪುಡಿ ಕೂತಿದ್ದರೆ, ಅದು ಹೋದ ಬುಷ್. ರಿವರ್ಸ್ ಹೋಗುತ್ತಾ ಬ್ರೇಕ್ ಒತ್ತಿದಾಗಲೂ ಇದೇ ‘ಟಕ್’ ಕೇಳುತ್ತದೆ. ಅಂಥ ಗಾಡಿಯಲ್ಲಿ ಹಿಂದಿನ ಆಕ್ಸಲ್ ಒಂದಿಷ್ಟು ಓರೆಯಾಗಿ, ಸ್ಟೇರಿಂಗ್ ನೆಟ್ಟಗೆ ಹಿಡಿದರೂ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ.

ಇಂಥ ರಬ್ಬರ್ ಬುಷ್ ಬೋಲ್ಟಿನ ಮೇಲೆ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಪ್ಲೇಟ್ ಇಳಿಬಿದ್ದಿರುವಾಗಲೇ ಬೋಲ್ಟ್ ಬಿಗಿದರೆ, ಗಾಡಿ ನೆಲಕ್ಕಿಳಿದ ಕ್ಷಣದಿಂದ ರಬ್ಬರ್ ತಿರುಚಿದ ಸ್ಥಿತಿಯಲ್ಲೇ ಇದ್ದು ಬೇಗ ಹರಿಯುತ್ತದೆ. ನನ್ನ ಗಾಡಿಯ ಹೊಸ ಆರನ್ನೂ ಮೇಸ್ತ್ರಿಯ ಹುಡುಗ ಜಾಕ್ ಮೇಲಿಟ್ಟೇ ಬಿಗಿದಿದ್ದನಂತೆ. ಗಾಡಿ ನೆಲದ ಮೇಲೆ ನಿಲ್ಲಿಸಿ, ಸ್ಪ್ಯಾನರ್ ಹಿಡಿದು ನಾನೇ ಕೆಳಗೆ ನುಗ್ಗಿದೆ. ಸಡಿಲಿಸಿದ ಮೊದಲ ಬೋಲ್ಟಿಗೇ ಪ್ಲೇಟಿನ ಕಣ್ಣು ‘ಕಿರ್’ ಎಂದು ತಿರುಗಿ ತನ್ನ ಜಾಗಕ್ಕೆ ಬಂದು ಕೂತಿತು.