ಸೈಕಲ್ ದಾರಿ ಬೇಕು, ಮರಳ ಮೇಲೆ ಬೇಡ

ನಾನೂ ಸೈಕಲ್ ತುಳಿಯುವವನೇ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಕಾರವಾರದ ಕಡಲತೀರದಲ್ಲಿ ಮರಳಿನ ಮೇಲೇ ಕಾಂಕ್ರೀಟ್ ಹಾಕಿ ಸೈಕಲ್ ದಾರಿ ಮಾಡಿದರೆ ಎಷ್ಟು ಚೆಂದ ಮಾರಾಯಾ ಅಂತ ಗೆಳೆಯನೊಬ್ಬ ಚಹಾ ಕುಡಿಯುತ್ತಾ ಹೇಳಿದಾಗ, ಬೇಡವೇ ಬೇಡ ಅಂದೆ. ಅವನಿಗೆ ಆಶ್ಚರ್ಯ. ಅಷ್ಟು ದೊಡ್ಡ ತೀರದಲ್ಲಿ ಮೂರು ಮೀಟರ್ ಅಗಲದ ದಾರಿ ಏನು ಮಹಾ?

ಮರಳು ಕೂತಲ್ಲೇ ಕೂತಿದ್ದರೆ ಏನೂ ಇಲ್ಲ. ಅದು ಕೂರುವುದಿಲ್ಲ. ಜೂನ್ ಕಳೆದ ಮೇಲೆ ಹೋಗಿ ನೋಡಿ. ಮಳೆಗಾಲದ ಅಲೆಗಳು ಎತ್ತರ, ಒಂದರ ಬೆನ್ನಿಗೊಂದು ಬರುತ್ತವೆ. ಮೊದಲ ಅಲೆಯ ನೀರು ಇಂಗುವ ಮುಂಚೆಯೇ ಇನ್ನೊಂದು ಬಂದು ಬಡಿದು, ವಾಪಸ್ ಹೋಗುವಾಗ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ತೀರ ಕಿರಿದಾಗುತ್ತದೆ. ಹಾಗೆ ಹೋದ ಮರಳಲ್ಲಿ ಜಾಸ್ತಿ ಪಾಲು ದೂರವೇನೂ ಹೋಗಿರುವುದಿಲ್ಲ, ಸ್ವಲ್ಪ ಆಚೆ ನೀರಡಿಯಲ್ಲಿ ದಿಬ್ಬವಾಗಿ ನಿಂತಿರುತ್ತದೆ, ದೊಡ್ಡ ಅಲೆಗಳು ಅದಕ್ಕೇ ತಾಗಿ ಅಲ್ಲೇ ಒಡೆಯುತ್ತವೆ. ತೀರ ತನ್ನ ಮರಳನ್ನೇ ಮುಂದೆ ಕಳಿಸಿ ತನ್ನನ್ನು ಕಾಯ್ದುಕೊಳ್ಳುತ್ತದೆ, ನೋಡಿ! ಮಳೆ ಮುಗಿದ ಮೇಲೆ ಸಣ್ಣ ಅಲೆಗಳು ಆ ಮರಳನ್ನು ತಿಂಗಳುಗಟ್ಟಲೆ, ಸ್ವಲ್ಪ ಸ್ವಲ್ಪವೇ, ತಂದು ಹಾಕುತ್ತವೆ.

ಈ ಓಡಾಟದ ನಡುವೆ ಚಪ್ಪಡಿ ಕೂರಿಸಿದರೆ? ಮರಳಿನ ಇಳಿಜಾರು ಅಲೆಯ ರಭಸವನ್ನು ನುಂಗುತ್ತದೆ, ಕಾಂಕ್ರೀಟಿನ ಅಂಚು ಅದನ್ನು ತಿರುಗಿಸಿ ಹೊಡೆಯುತ್ತದೆ. ಬುಡದ ಮರಳು ಕೊರೆದು ಹೋಗಿ ಚಪ್ಪಡಿ ಮುರಿಯುತ್ತದೆ. ಆಮೇಲೆ ದಾರಿ ಉಳಿಸಬೇಕು ಅಂತ ಕಲ್ಲು ಸುರಿಯುತ್ತಾರೆ, ಕಲ್ಲಿನ ಸಾಲು ಮುಗಿದ ಕಡೆ ಕೊರೆತ ಜಾಸ್ತಿಯಾಗುತ್ತದೆ, ಅಲ್ಲಿಗೆ ಮತ್ತಷ್ಟು ಕಲ್ಲು.

ಗೆಳೆಯ ಮೊಬೈಲಿನಲ್ಲಿ ಲಾಸ್ ಏಂಜಲೀಸ್ ತೋರಿಸಿದ. ಅಲ್ಲಿ ತೀರದುದ್ದಕ್ಕೂ ಸುಮಾರು 35 ಕಿ.ಮೀ. ಸೈಕಲ್ ದಾರಿ ಇದೆ, ನಿಜ. ಆದರೆ ಅಲ್ಲಿನ ತೀರ ಬಹಳಷ್ಟು ಕಡೆ ಅಗಲವಾಗಿದ್ದು ತಾನಾಗಿ ಅಲ್ಲ. ಕಳೆದ ಶತಮಾನದಲ್ಲಿ ದೊಡ್ಡ ಕಾಮಗಾರಿಗಳಲ್ಲಿ ಅಗೆದ ಮರಳನ್ನು ತಂದು ಸುರಿದು ಮಾಡಿದ್ದು. ಅಷ್ಟಾದರೂ ಗಾಳಿಗೆ ದಾರಿ ಮೇಲೆ ಬೀಳುವ ಮರಳನ್ನು ಗುಡಿಸುತ್ತಲೇ ಇರಬೇಕು. ನಮ್ಮ ಜುಲೈ ಅವರಿಗೆ ಗೊತ್ತೂ ಇಲ್ಲ.

ಇನ್ನೊಂದು, ದಾರಿ ಅಂತ ಗೆರೆ ಎಳೆಯುವುದು ಯಾವಾಗಲೂ ತೀರದ ಮೇಲ್ಭಾಗದಲ್ಲೇ. ಸುಮ್ನೆ ಬೆಳೆದ ಕಳೆ ಅಂತ ಕಾಣುವ ನೇರಳೆ ಹೂವಿನ ಬಳ್ಳಿ, ಚುಚ್ಚುವ ರಾವಣನ ಮೀಸೆ ಹುಲ್ಲು ಇರುವುದು ಅಲ್ಲೇ. ಗಾಳಿಯಲ್ಲಿ ಹಾರುವ ಮರಳನ್ನು ಹಿಡಿದು ದಿಬ್ಬ ಕಟ್ಟುವುದು ಅವೇ. ನಮ್ಮ ಜಿಲ್ಲೆಯ ತೀರಗಳಿಗೆ ಚಳಿಗಾಲದ ರಾತ್ರಿ ಬರುವ ಆಲಿವ್ ರಿಡ್ಲಿ ಕಡಲಾಮೆಗಳು ಗುಂಡಿ ತೋಡಿ ನೂರರಷ್ಟು ಮೊಟ್ಟೆ ಇಡುವುದೂ ಮೇಲಿನ ಒಣ ಮರಳಿನಲ್ಲೇ. ಮರಿಗಳು ಹೊರಬಿದ್ದಾಗ ಬೆಳಕಿರುವ ಕಡೆ ಹರಿಯುತ್ತವೆ. ಕತ್ತಲಲ್ಲಿ ಸಮುದ್ರದ ಕಡೆಯೇ ಬೆಳಕು ಜಾಸ್ತಿ, ಸೈಕಲ್ ದಾರಿಗೆ ದೀಪ ಹಾಕಿದರೆ ದೀಪದ ಕಡೆ. ದಡದಲ್ಲಿ ನಿಂತು ರಂಪಣಿ ಬಲೆ ಎಳೆಯುವವರಿಗೆ, ದೋಣಿ ಮೇಲೆ ತರುವವರಿಗೆ ಆ ಚಪ್ಪಡಿ ಎಷ್ಟು ಅಡ್ಡ ಅಂತ ಅವರನ್ನೇ ಕೇಳಿ, ನಾನು ಹೇಳುವುದಕ್ಕಿಂತ ಖಾರವಾಗಿ ಹೇಳುತ್ತಾರೆ.

ತೀರದ ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ 66 ಇದೆಯಲ್ವಾ, ಅದರ ಅಂಚಿಗೆ ಕಟ್ಟೆ ಹಾಕಿ ಸೈಕಲ್ಲಿಗೆ ಬೇರೆ ಜಾಗ ಕೊಡಲಿ, ಮೊದಲ ದಿನವೇ ನಾನು ಹಾಜರು. ಸೈಕಲ್ ಅಲ್ಲೇ ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಮರಳಿಗೆ ಇಳಿಯುತ್ತೇನೆ.