ತಾಮ್ರದ ಗಣಿಯೇ ಇಲ್ಲದ ಸ್ವಾನ್ಸಿ ತಾಮ್ರದ ಊರಾದದ್ದು ಹೇಗೆ?

ಪ್ರಶ್ನೆ: ವೇಲ್ಸ್‌ನ ಸ್ವಾನ್ಸಿಗೆ ಹಿಂದೆ ‘ಕಾಪರೊಪೊಲಿಸ್’ ಎಂಬ ಹೆಸರಿತ್ತಂತೆ. ಆದರೆ ಅಲ್ಲಿ ತಾಮ್ರದ ಗಣಿಯೇ ಇಲ್ಲವಲ್ಲ? ಈಗ ಹೋದರೆ ಕಾಣುವುದು ಕಡಲತೀರ, ವಿಶ್ವವಿದ್ಯಾಲಯ, ಹಸಿರು ಗುಡ್ಡ. ಆ ತಾಮ್ರ ಎಲ್ಲಿಂದ ಬಂತು? ಎಲ್ಲಿ ಹೋಯಿತು?

ಉತ್ತರ: ಸ್ವಾನ್ಸಿಯ ಚರಿತ್ರೆ ಓದಲು ಕೂತವರೆಲ್ಲ ಬೇಗನೆ ಈ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ಒಂದೇ ಮಾತಲ್ಲಿ ಹೇಳಬೇಕಿದ್ದರೆ ಉತ್ತರ ಕಲ್ಲಿದ್ದಲು. ಆದರೆ ಅಷ್ಟಕ್ಕೇ ಬಿಟ್ಟರೆ ಊರಿನ ಸ್ವಭಾವ ಅರ್ಥವಾಗುವುದಿಲ್ಲ. ಯಾಕೆಂದರೆ ಆ ಊರಿನಲ್ಲಿ ಯಾರು ಎಲ್ಲಿ ಮನೆ ಕಟ್ಟಿದರು, ಯಾವ ಗುಡ್ಡ ಬೋಳಾಯಿತು, ಯಾವ ಕಡೆ ಪಾರ್ಕು ಬಂತು, ಇವೆಲ್ಲವನ್ನೂ ತಾಮ್ರವೇ ತೀರ್ಮಾನಿಸಿತು.

ನಮ್ಮ ಕಡೆ ಆಲೆಮನೆ ಹಾಕುವುದು ಕಬ್ಬಿನ ಗದ್ದೆಯ ಹತ್ತಿರ. ಸೌದೆಯನ್ನು ಅಲ್ಲಿಗೆ ಹೊತ್ತು ತರುತ್ತೇವೆ. ಯಾಕೆಂದರೆ ಕಬ್ಬಿನ ಹೊರೆ ಜಾಸ್ತಿ, ಸೌದೆಯದು ಕಡಿಮೆ. ತಾಮ್ರದ ಲೆಕ್ಕ ತಿರುಗಾಮುರುಗಾ. 18ನೇ ಶತಮಾನದ ಕುಲುಮೆಯಲ್ಲಿ ಒಂದು ಟನ್ ಅದಿರು ಕರಗಿಸಲು ಸುಮಾರು ಮೂರು ಟನ್ ಕಲ್ಲಿದ್ದಲು ಬೇಕಾಗುತ್ತಿತ್ತು. ಒಂದು ಸಲ ಕಾಯಿಸಿದರೆ ಮುಗಿಯುವ ಕೆಲಸವೂ ಅದಲ್ಲ. ಅದಿರಿನಲ್ಲಿರುವ ಗಂಧಕ, ಆರ್ಸೆನಿಕ್, ಕಬ್ಬಿಣ ಎಲ್ಲ ಹೋಗುವ ತನಕ ಹುರಿಯಬೇಕು, ಕರಗಿಸಬೇಕು, ಮತ್ತೆ ಹುರಿಯಬೇಕು. ಹಾಗಾಗಿ ಇಂಧನ ಇರುವ ಕಡೆಗೆ ಅದಿರು ಸಾಗಿಸುವುದೇ ಅಗ್ಗ.

ಅದಿರು ಇದ್ದದ್ದು ಬ್ರಿಸ್ಟಲ್ ಚಾನೆಲ್ ಎಂಬ ಸಮುದ್ರದ ಕವಲಿನ ಆಚೆ, ಇಂಗ್ಲೆಂಡಿನ ತುದಿಯ ಕಾರ್ನ್‌ವಾಲ್‌ನಲ್ಲಿ. ಅಲ್ಲಿ ಕಲ್ಲಿದ್ದಲು ಇಲ್ಲ. ಈಚೆ ಸ್ವಾನ್ಸಿಯಲ್ಲಿ ಕಲ್ಲಿದ್ದಲಿನ ಪದರ ಸಮುದ್ರಕ್ಕೆ ಹತ್ತಿರ. ಟಾವೆ ನದಿಯಲ್ಲಿ ಸಮುದ್ರದಿಂದ ಕೆಲವು ಕಿಲೋಮೀಟರ್ ಒಳಗೆ ಹಡಗು ಬರಬಹುದಿತ್ತು. ಅದಿರು ತಂದ ಹಡಗು ಖಾಲಿ ಹಿಂತಿರುಗಬೇಕಾಗಿರಲಿಲ್ಲ. ಕಾರ್ನ್‌ವಾಲ್‌ನ ಗಣಿಗಳಲ್ಲಿ ನೀರೆತ್ತುವ ಉಗಿಯಂತ್ರಗಳಿಗೆ ಬೇಕಾದ ಕಲ್ಲಿದ್ದಲನ್ನು ತುಂಬಿಕೊಂಡು ಹೋಗುತ್ತಿತ್ತು. ಎರಡೂ ಕಡೆ ಬಾಡಿಗೆ ಹುಟ್ಟುವ ವ್ಯಾಪಾರ. ಸ್ವಾನ್ಸಿಯ ನಿಜವಾದ ಅದೃಷ್ಟ ಇದೇ ಎಂದು ನನಗೆ ಅನ್ನಿಸುತ್ತದೆ.

ಪಕ್ಕದ ನೀತ್ ಬಳಿ 1584ರಲ್ಲೇ ತಾಮ್ರ ಕರಗಿಸುವ ಪ್ರಯತ್ನ ನಡೆದಿತ್ತು. ಸ್ವಾನ್ಸಿ ಕಣಿವೆಯಲ್ಲಿ ಮೊದಲ ಕಾರ್ಖಾನೆ ಶುರುವಾದದ್ದು 1717ರಲ್ಲಿ, ಲ್ಯಾಂಡೋರ್ ಎಂಬ ಕಡೆ. 1737ರಲ್ಲಿ ನದಿಯ ಪೂರ್ವ ದಡದಲ್ಲಿ ವೈಟ್ ರಾಕ್ ಬಂತು. 1810ರಲ್ಲಿ ಕಾರ್ನ್‌ವಾಲ್‌ನಿಂದಲೇ ಬಂದ ವಿವಿಯನ್ ಕುಟುಂಬ ಹಾವೊಡ್ ಕಾರ್ಖಾನೆ ಕಟ್ಟಿತು. ಅದರ ಮಗ್ಗುಲಲ್ಲೇ ಮೋರ್ವಾ ಕಾರ್ಖಾನೆ ಎದ್ದಿತು. 19ನೇ ಶತಮಾನದ ಮೊದಲ ಭಾಗದಲ್ಲಿ ಬ್ರಿಟನ್ನಿನ ತಾಮ್ರದಲ್ಲಿ ಸುಮಾರು ಶೇ. 90ರಷ್ಟು ಸ್ವಾನ್ಸಿ ಮತ್ತು ಅದರ ಸುತ್ತಲಿನ ಊರುಗಳಲ್ಲೇ ತಯಾರಾಗುತ್ತಿತ್ತು. ಬೇರೆ ಬೇರೆ ಗಣಿಯ ಅದಿರನ್ನು ಹದವಾಗಿ ಬೆರೆಸಿ ಕರಗಿಸುವ ವಿದ್ಯೆ ಇಲ್ಲಿನ ಕೆಲಸಗಾರರ ಕೈಯಲ್ಲಿತ್ತು. ಅದು ತಂದೆಯಿಂದ ಮಗನಿಗೆ ಬರುತ್ತಿದ್ದ ಕಸುಬು. ಕಲ್ಲಿದ್ದಲು ಬೇರೆ ಊರುಗಳಲ್ಲೂ ಇತ್ತು, ಆದರೆ ಈ ಕೈಗಳು ಇರಲಿಲ್ಲ.

ಈ ತಾಮ್ರ ಎಲ್ಲೆಲ್ಲಿಗೆ ಹೋಯಿತು? ಹುಳ ಕೊರೆಯದ ಹಾಗೆ ಹಡಗುಗಳ ತಳಕ್ಕೆ ಹೊದಿಸುವ ತಗಡಾಯಿತು. ನಾಣ್ಯವಾಯಿತು, ಪಾತ್ರೆಯಾಯಿತು. ಈಸ್ಟ್ ಇಂಡಿಯಾ ಕಂಪನಿ ಬ್ರಿಟನ್ನಿನ ತಾಮ್ರವನ್ನು ಕೊಂಡು ಭಾರತಕ್ಕೆ ತಂದು ಮಾರುತ್ತಿತ್ತು. ಇನ್ನೊಂದು ಪಾಲು ಆಫ್ರಿಕಾದ ಪಶ್ಚಿಮ ಕರಾವಳಿಗೆ ಹೋಯಿತು. ಅಲ್ಲಿ ಗುಲಾಮರನ್ನು ಕೊಳ್ಳಲು ತಾಮ್ರದ, ಹಿತ್ತಾಳೆಯ ಬಳೆಗಳೇ ಹಣ. ಅವನ್ನು ಮನಿಲಾ ಎನ್ನುತ್ತಿದ್ದರು. ವೈಟ್ ರಾಕ್ ಕಾರ್ಖಾನೆಯಲ್ಲಿ ‘ಮನಿಲಾ ಹೌಸ್’ ಎಂಬ ಕಟ್ಟಡವೇ ಇತ್ತು. ಸ್ವಾನ್ಸಿಯ ಹೆಮ್ಮೆಯ ಕಥೆ ಹೇಳುವಾಗ ಈ ಭಾಗವನ್ನು ಬಿಟ್ಟುಬಿಡಬಾರದು.

1830ರ ದಶಕದ ಹೊತ್ತಿಗೆ ಕಾರ್ನ್‌ವಾಲ್‌ನ ಅದಿರು ಸಾಲದಾಯಿತು. ಚಿಲಿ, ಕ್ಯೂಬಾದಿಂದ ತರಿಸಲು ಶುರು ಮಾಡಿದರು. ಸ್ವಾನ್ಸಿಯ ನಾವಿಕರು ಕಲ್ಲಿದ್ದಲು ತುಂಬಿಕೊಂಡು ದಕ್ಷಿಣ ಅಮೆರಿಕದ ಕೊನೆಯ ಕೇಪ್ ಹಾರ್ನ್ ಸುತ್ತಿ ಚಿಲಿಗೆ ಹೋಗಿ, ಅದಿರು ತುಂಬಿಕೊಂಡು ಅದೇ ದಾರಿಯಲ್ಲಿ ಬರುತ್ತಿದ್ದರು. ಜಗತ್ತಿನ ಅತಿ ಕಷ್ಟದ ಸಮುದ್ರ ಅದು. ಹಡಗು ಮರದ್ದು. ಅದಿರು ವಿಪರೀತ ಭಾರ, ಸರಿಯಾಗಿ ತುಂಬದಿದ್ದರೆ ಬಿರುಗಾಳಿಯಲ್ಲಿ ಹಡಗೇ ಮಗುಚುತ್ತಿತ್ತು. ಇವರಿಗೆ ‘ಕೇಪ್ ಹಾರ್ನರ್’ ಎಂದೇ ಹೆಸರು ಬಿತ್ತು.

ಕ್ಯೂಬಾದ ಅದಿರಿನ ಹಿಂದೆ ಇನ್ನೂ ಕೆಟ್ಟ ಕಥೆ ಇದೆ. ಬ್ರಿಟನ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡುವ ಕಾನೂನು ತಂದದ್ದು 1833ರಲ್ಲಿ. ಆದರೆ ಕ್ಯೂಬಾ ಸ್ಪೇನ್‌ನ ವಶದಲ್ಲಿತ್ತು. ಅಲ್ಲಿನ ಎಲ್ ಕೋಬ್ರೆ ಗಣಿಯನ್ನು ನಡೆಸುತ್ತಿದ್ದ ಬ್ರಿಟಿಷ್ ಕಂಪನಿ ಆಮೇಲೂ ಗುಲಾಮರಿಂದಲೇ ಕೆಲಸ ಮಾಡಿಸಿತು. ಆ ಅದಿರು ಬಂದು ಇಳಿದದ್ದು ಸ್ವಾನ್ಸಿಯ ಬಂದರಿನಲ್ಲಿ.

ಅದೇ ದಾರಿಯಲ್ಲಿ ಒಂದು ರೋಗವೂ ಬಂತು. 1865ರ ಸೆಪ್ಟೆಂಬರ್‌ನಲ್ಲಿ ಹೆಕ್ಲಾ ಎಂಬ ಹಡಗು ಕ್ಯೂಬಾದಿಂದ ತಾಮ್ರದ ಅದಿರು ಹೊತ್ತು ಬಂದಿತು. ಹಡಗಿನಲ್ಲಿ ಕಾಯಿಲೆ ಇತ್ತು. ಆದರೂ ಅದನ್ನು ದಕ್ಕೆಗೆ ಬಿಟ್ಟುಕೊಂಡರು, ಜನ ಇಳಿದರು, ಸರಕು ಇಳಿಯಿತು. ಆಗ ವೇಲ್ಸ್‌ನಲ್ಲಿ ಅಪರೂಪದ ಸೆಖೆ. ಕೆಲವೇ ದಿನಗಳಲ್ಲಿ, ಕ್ಯೂಬಾ ಇರಲಿ ಊರನ್ನೇ ಬಿಟ್ಟು ಹೋಗದ ಜನರಿಗೆ ಹಳದಿ ಜ್ವರ ಬಂತು. ಕನಿಷ್ಠ 27 ಮಂದಿಗೆ ರೋಗ ತಗುಲಿತು, 15 ಮಂದಿ ಸತ್ತರು. ಬಿಸಿ ದೇಶಗಳ ಈ ಜ್ವರ ಚಳಿಯ ಊರಿಗೆ ಹೇಗೆ ಬಂತು ಎಂದು ಆಗ ಯಾರಿಗೂ ಗೊತ್ತಾಗಲಿಲ್ಲ. ಹಳದಿ ಜ್ವರವನ್ನು ಸೊಳ್ಳೆ ಹರಡುತ್ತದೆ ಎಂದು ಖಚಿತವಾದದ್ದು 1900ರಲ್ಲಿ. ಅದಿರಿನ ಹಡಗಿನಲ್ಲೇ ಸೊಳ್ಳೆಗಳೂ ಬಂದಿದ್ದವು.

ಇನ್ನು ಹೊಗೆಯ ವಿಷಯ. ಸ್ವಾನ್ಸಿಯ ಸ್ವಭಾವ ತಿಳಿಯಲು ಇದಕ್ಕಿಂತ ಮುಖ್ಯವಾದದ್ದು ಇಲ್ಲ. ಅದಿರು ಹುರಿದಾಗ ಏಳುತ್ತಿದ್ದ ಹೊಗೆಯಲ್ಲಿ ಗಂಧಕದ ಅನಿಲ, ಆರ್ಸೆನಿಕ್ ಎಲ್ಲ ಇರುತ್ತಿತ್ತು. ಮಳೆ ಬಂದರೆ ಅದು ಆಮ್ಲವಾಗಿ ನೆಲಕ್ಕೆ ಇಳಿಯುತ್ತಿತ್ತು. ನದಿಯ ಪೂರ್ವಕ್ಕಿರುವ ಕಿಲ್ವಿ ಗುಡ್ಡದಲ್ಲಿ ಮೊದಲು ಮರ ಹೋದವು, ಆಮೇಲೆ ಹುಲ್ಲು. ಬೇರು ಹಿಡಿದಿಡದ ಮೇಲ್ಮಣ್ಣು ಮಳೆಗೆ ಕೊಚ್ಚಿಹೋಯಿತು. ಸುತ್ತಲಿನ ರೈತರ ದನಗಳ ಕೀಲು ಊದಿಕೊಂಡವು, ಬೆಳೆ ಸುಟ್ಟುಹೋಯಿತು.

ಕಾರ್ಖಾನೆಯವರು ಸುಮ್ನೆ ಕೂತಿರಲಿಲ್ಲ, ಅದನ್ನೂ ಹೇಳಬೇಕು. 1821ರಲ್ಲಿ ಹೊಗೆಗೆ ಪರಿಹಾರ ಕಂಡುಹಿಡಿದವರಿಗೆ ಬಹುಮಾನ ಕೊಡಲು ನಿಧಿ ಕೂಡಿಸಿದರು. ಜಾನ್ ಹೆನ್ರಿ ವಿವಿಯನ್ ಆ ಕಾಲದ ದೊಡ್ಡ ವಿಜ್ಞಾನಿಗಳಾದ ಹಂಫ್ರಿ ಡೇವಿ, ಮೈಕೆಲ್ ಫ್ಯಾರಡೆ ಅವರ ಸಲಹೆ ಪಡೆದರು. ಉದ್ದದ ಹೊಗೆಕೊಳವೆ ಕಟ್ಟಿ, ಹೊಗೆಗೆ ನೀರು ಸಿಂಪಡಿಸಿ ನೋಡಿದರು. ಪೂರ್ತಿ ಫಲ ಸಿಗಲಿಲ್ಲ. 1830ರ ದಶಕದಲ್ಲಿ ರೈತರ ದೂರು ನ್ಯಾಯಾಲಯಕ್ಕೆ ಹೋಯಿತು. ಗೆದ್ದದ್ದು ಕಾರ್ಖಾನೆ. ಸಾವಿರಾರು ಜನರ ಅನ್ನ ಅದರಿಂದಲೇ ಬರುತ್ತಿತ್ತಲ್ಲ. ತಾಮ್ರದ ಹೊಗೆ ಆರೋಗ್ಯಕ್ಕೆ ಕೆಟ್ಟದ್ದಲ್ಲ ಎಂದು ವಾದಿಸಿದ ವೈದ್ಯರೂ ಇದ್ದರು. ಹೊಗೆಯ ಗಂಧಕ ಹಿಡಿದು ಆಮ್ಲ ತಯಾರಿಸಿ ಮಾರುವ ದಾರಿಯನ್ನು ವಿವಿಯನ್ ಕಂಪನಿ ಹಿಡಿದದ್ದು 1860ರ ದಶಕದಲ್ಲಿ. ಅಷ್ಟು ಹೊತ್ತಿಗೆ ಕಣಿವೆ ಸತ್ತಿತ್ತು.

ಇಲ್ಲಿ ಗಾಳಿಯ ದಿಕ್ಕು ನೋಡಿ. ವೇಲ್ಸ್‌ನ ಈ ಕರಾವಳಿಯಲ್ಲಿ ಗಾಳಿ ಜಾಸ್ತಿ ಬೀಸುವುದು ನೈಋತ್ಯದಿಂದ. ಅಂದರೆ ಹೊಗೆಯೆಲ್ಲ ಪೂರ್ವಕ್ಕೆ. ಹಣವಂತರು ಪಶ್ಚಿಮಕ್ಕೆ, ಗಾಳಿ ಬರುವ ಕಡೆಗೆ ಮನೆ ಕಟ್ಟಿದರು. ಜಾನ್ ಹೆನ್ರಿ ವಿವಿಯನ್ ಅವರ ಬಂಗಲೆ ಸಿಂಗಲ್ಟನ್ ಅಬ್ಬೆ ಇರುವುದು ಪಶ್ಚಿಮದಲ್ಲಿ. ಈಗ ಅದು 1920ರಲ್ಲಿ ಶುರುವಾದ ಸ್ವಾನ್ಸಿ ವಿಶ್ವವಿದ್ಯಾಲಯದ ಭಾಗ. ಕರ್ನಾಟಕದಿಂದ ಓದಲು ಹೋಗುವ ಮಕ್ಕಳು ನೋಡುವ ಉದ್ಯಾನ, ಕಡಲತೀರ, ಮಂಬಲ್ಸ್‌ನ ಐಸ್‌ಕ್ರೀಮ್ ಅಂಗಡಿ ಎಲ್ಲ ಈ ಕಡೆಯವು. 1807ರಲ್ಲಿ ದುಡ್ಡು ಕೊಟ್ಟ ಪ್ರಯಾಣಿಕರನ್ನು ಜಗತ್ತಿನಲ್ಲೇ ಮೊದಲು ಹೊತ್ತ ರೈಲು ಓಡಿದ್ದೂ ಈ ತೀರದಲ್ಲೇ, ಕುದುರೆ ಎಳೆಯುತ್ತಿತ್ತು. ಕವಿ ಡಿಲನ್ ಥಾಮಸ್ 1914ರಲ್ಲಿ ಹುಟ್ಟಿದ್ದು ಪಶ್ಚಿಮದ ಗುಡ್ಡದ ಮೇಲಿನ ಅಪ್‌ಲ್ಯಾಂಡ್ಸ್‌ನಲ್ಲಿ. ಇನ್ನೂ ಆಚೆ ಹೋದರೆ ಗವರ್ ಪರ್ಯಾಯ ದ್ವೀಪ. ನಿಸರ್ಗ ಸೌಂದರ್ಯಕ್ಕಾಗಿ ಕಾನೂನಿನ ರಕ್ಷಣೆ ಕೊಟ್ಟ ಬ್ರಿಟನ್ನಿನ ಮೊದಲ ಪ್ರದೇಶ ಅದು, 1956ರಲ್ಲಿ.

ಕೆಲಸಗಾರರು ಉಳಿದದ್ದು ನದಿಯ ಬದಿಯಲ್ಲಿ. ಮೋರಿಸ್ಟನ್, ಹಾವೊಡ್ ಎಲ್ಲ ಕಾರ್ಖಾನೆ ಮಾಲೀಕರು ಕೆಲಸಗಾರರಿಗಾಗಿ ಕಟ್ಟಿಸಿದ ಬಡಾವಣೆಗಳು. ಅಲ್ಲಿ ವೆಲ್ಷ್ ಭಾಷೆ, ಚರ್ಚಿನ ಹಾಡು, ಗಟ್ಟಿ ನೆರೆಹೊರೆ. ಮೋರಿಸ್ಟನ್‌ನಲ್ಲಿ 1872ರಲ್ಲಿ ತೆರೆದ ಟಾಬರ್ನಕಲ್ ಪ್ರಾರ್ಥನಾ ಮಂದಿರದ ಗೋಪುರ ಇಂದಿಗೂ ದೂರದಿಂದಲೇ ಕಾಣುತ್ತದೆ. ಬ್ರಿಟನ್ನಿನಲ್ಲಿ ಕಾರು ಓಡಿಸುವ ಕನ್ನಡಿಗರಿಗೆ ಮೋರಿಸ್ಟನ್ ಗೊತ್ತಿಲ್ಲದೆಯೂ ಗೊತ್ತಿರುತ್ತದೆ. ಡ್ರೈವಿಂಗ್ ಲೈಸೆನ್ಸ್ ಕೊಡುವ ಸರ್ಕಾರಿ ಕಚೇರಿ ಇರುವುದು ಅಲ್ಲೇ.

ತಾಮ್ರ ಹೋದದ್ದು ಹೇಗೆ? ಅದಿರು ಇರುವ ದೇಶಗಳು ತಾವೇ ಕರಗಿಸಲು ಕಲಿತವು. ಚಿಲಿ ಕಲಿಯಿತು, ಅಮೆರಿಕ ಕಲಿಯಿತು. ಸ್ವಾನ್ಸಿಯಿಂದ ವಲಸೆ ಹೋದ ಕೆಲಸಗಾರರೇ ಎಷ್ಟೋ ಕಡೆ ಕಲಿಸಿದರು. ಕುಲುಮೆಗಳು ಸುಧಾರಿಸಿ ಕಲ್ಲಿದ್ದಲು ಕಡಿಮೆ ಸಾಕಾದಾಗ ಸ್ವಾನ್ಸಿಗಿದ್ದ ಅನುಕೂಲವೂ ಕರಗಿತು. ಊರು ಸತು, ತವರದ ತಗಡು, ಉಕ್ಕಿನ ಕಡೆ ತಿರುಗಿತು. ನದಿಯ ಮೇಲ್ಭಾಗದ ಕ್ಲಿಡಾಕ್‌ನಲ್ಲಿ 1902ರಲ್ಲಿ ನಿಕಲ್ ಕಾರ್ಖಾನೆ ಶುರುವಾಯಿತು. ಹಾವೊಡ್ ಮತ್ತು ಮೋರ್ವಾ 1924ರಲ್ಲಿ ಒಂದಾದವು. ತಾಮ್ರದ ಕೊನೆಯ ಕೆಲಸ ಅಲ್ಲಿ ನಿಂತದ್ದು 1980ರಲ್ಲಿ.

ನಡುವೆ ಯುದ್ಧದ ಪೆಟ್ಟೂ ಬಿತ್ತು. 1941ರ ಫೆಬ್ರುವರಿ 19, 20, 21ರ ಮೂರು ರಾತ್ರಿ ಜರ್ಮನ್ ವಿಮಾನಗಳ ಬಾಂಬಿಗೆ 230 ಜನ ಸತ್ತರು, ಪೇಟೆಯ ನಡುಭಾಗ ಸುಟ್ಟುಹೋಯಿತು. ಇಂದು ಸ್ವಾನ್ಸಿಯ ಪೇಟೆ ಹಳೆಯ ಊರಿನ ಪೇಟೆಯಂತೆ ಕಾಣದಿರುವುದಕ್ಕೆ ಕಾರಣ ಇದೇ. ನಗರ ಎಂಬ ಪಟ್ಟ ಸಿಕ್ಕಿದ್ದು 1969ರಲ್ಲಿ.

ಹಾಗಾದರೆ ಹಸಿರು ಹೇಗೆ ಬಂತು? 1960ರ ಸುಮಾರಿಗೆ ರೈಲಿನಲ್ಲಿ ಸ್ವಾನ್ಸಿಗೆ ಬಂದವರಿಗೆ ಮೊದಲು ಕಾಣುತ್ತಿದ್ದದ್ದು ಲ್ಯಾಂಡೋರ್‌ನ ಕಪ್ಪು ಕಿಟ್ಟದ (ಅದಿರು ಕರಗಿಸಿದ ಮೇಲೆ ಉಳಿಯುವ ಕಸದ) ಗುಡ್ಡಗಳು, ಮುರಿದ ಗೋಡೆಗಳು. ನೂರಾರು ಎಕರೆ ನೆಲ, ಲಕ್ಷಗಟ್ಟಲೆ ಟನ್ ಕಿಟ್ಟ. ಯೂರೋಪಿನಲ್ಲೇ ಇಷ್ಟು ಹಾಳಾದ ಕೈಗಾರಿಕಾ ನೆಲ ಕಡಿಮೆ. ವಿಶ್ವವಿದ್ಯಾಲಯದ ರಾಬಿನ್ ಹ್ಯೂಸ್ ಜೋನ್ಸ್ ಇದನ್ನು ಹೀಗೇ ಬಿಡಬಾರದು ಎಂದು ಹೊರಟರು. 1961ರಲ್ಲಿ ‘ಲೋವರ್ ಸ್ವಾನ್ಸಿ ವ್ಯಾಲಿ ಪ್ರಾಜೆಕ್ಟ್’ ಶುರುವಾಯಿತು. ವಿಶ್ವವಿದ್ಯಾಲಯ, ನಗರಸಭೆ, ಸರ್ಕಾರ, ಕಂಪನಿಗಳು ಕೈಜೋಡಿಸಿದವು. ಭೂವಿಜ್ಞಾನಿಗಳು, ಸಸ್ಯವಿಜ್ಞಾನಿಗಳು, ಸಮಾಜ ವಿಜ್ಞಾನಿಗಳು ಒಂದೇ ಕಣಿವೆಯನ್ನು ಬೇರೆ ಬೇರೆ ಕಣ್ಣಿನಿಂದ ನೋಡಿದರು. ಲೋಹದ ವಿಷವಿರುವ ಮಣ್ಣಿನಲ್ಲಿ ಯಾವ ಹುಲ್ಲು ಬದುಕುತ್ತದೆ ಎಂದು ಪ್ರಯೋಗ ಮಾಡಿದರು. 1967ರಲ್ಲಿ ವರದಿ ಬಂತು. ಹಿಂದಿನ ವರ್ಷ ವೇಲ್ಸ್‌ನದೇ ಆದ ಅಬೆರ್‌ವಾನ್ ಎಂಬ ಹಳ್ಳಿಯಲ್ಲಿ ಗಣಿಯ ತ್ಯಾಜ್ಯದ ಗುಡ್ಡ ಜಾರಿ ಶಾಲೆಯ ಮೇಲೆ ಬಿದ್ದು 144 ಜನ ಸತ್ತಿದ್ದರು, 116 ಮಂದಿ ಮಕ್ಕಳು. ಆಮೇಲೆ ಇಂಥ ಗುಡ್ಡಗಳನ್ನು ತೆಗೆಯುವ ಕೆಲಸಕ್ಕೆ ಸರ್ಕಾರದ ದುಡ್ಡೂ ಬಂತು.

ನನಗೆ ಇದರಲ್ಲಿ ತುಂಬ ಇಷ್ಟವಾಗುವುದು ಶಾಲೆಯ ಮಕ್ಕಳ ಪಾಲು. ನೆಟ್ಟ ಗಿಡಗಳಿಗೆ ಬೆಂಕಿ ಬೀಳುತ್ತಿತ್ತು, ಕಿತ್ತು ಹಾಕುತ್ತಿದ್ದರು. ಆಗ ಸುತ್ತಲಿನ ಶಾಲೆಗಳ ಮಕ್ಕಳ ಕೈಯಲ್ಲೇ ಗಿಡ ನೆಡಿಸಿದರು. ತಮ್ಮ ಗಿಡವನ್ನು ತಾವೇ ಕಾಯ್ದರು. ಕಿಲ್ವಿ ಗುಡ್ಡದಲ್ಲಿ ಕಾಡು ಬಂದದ್ದು ಹೀಗೆ. ಇಂಥ ಕೆಲಸಕ್ಕೆ ಫೋಟೋ ತೆಗೆಸಿಕೊಳ್ಳುವ ಒಂದು ದಿನದ ವನಮಹೋತ್ಸವ ಸಾಲದು ಅಲ್ವಾ, ದಶಕಗಳು ಬೇಕು. ಸ್ವಾನ್ಸಿಗೆ ಆ ತಾಳ್ಮೆ ಇತ್ತು.

ಸ್ವಾನ್ಸಿಗೆ ಹೋಗುವವರು ಕಡಲತೀರದ ಜೊತೆಗೆ ಒಂದು ಮಧ್ಯಾಹ್ನ ನದಿಯ ದಾರಿಯಲ್ಲಿ ನಡೆಯಿರಿ. ಫುಟ್‌ಬಾಲ್ ಮೈದಾನದಿಂದ ಸ್ವಲ್ಪ ದೂರದಲ್ಲೇ ಹಾವೊಡ್ ಮತ್ತು ಮೋರ್ವಾದ ಹಳೆಯ ಎಂಜಿನ್ ಮನೆಗಳಿವೆ. ಅಲ್ಲಿನ ಹಳೆಯ ಪವರ್‌ಹೌಸ್‌ನಲ್ಲಿ 2023ರಿಂದ ಪೆನ್‌ಡೆರಿನ್ ವಿಸ್ಕಿ ತಯಾರಾಗುತ್ತಿದೆ. ಸುತ್ತಲಿನ ಬೀದಿಗಳಲ್ಲಿ ಮನೆಯ ಕಾಂಪೌಂಡ್ ಗೋಡೆಗಳ ತಲೆ ನೋಡಿ. ಹೊಳೆಯುವ ಕಪ್ಪು ಕಲ್ಲಿನ ಅಚ್ಚುಗಳು ಕಂಡರೆ ಅವು ಕಲ್ಲಲ್ಲ, ತಾಮ್ರದ ಕಿಟ್ಟವನ್ನೇ ಅಚ್ಚಿಗೆ ಹಾಕಿ ಮಾಡಿದವು. ಪೇಟೆಗೆ ಬಂದರೆ ಒಳಾಂಗಣ ಮಾರುಕಟ್ಟೆಯಲ್ಲಿ ಕಾಕಲ್ ಚಿಪ್ಪು, ಕಡಲ ಪಾಚಿಯನ್ನು ಬೇಯಿಸಿ ಮಾಡಿದ ಲೇವರ್‌ಬ್ರೆಡ್ ಸಿಗುತ್ತವೆ. ಕೆಲಸಗಾರರು ಬೆಳಗಿನ ತಿಂಡಿಗೆ ತಿನ್ನುತ್ತಿದ್ದದ್ದು ಇವನ್ನೇ. ಬಂದರಿನ ಪಕ್ಕ 2005ರಲ್ಲಿ ತೆರೆದ ನ್ಯಾಷನಲ್ ವಾಟರ್‌ಫ್ರಂಟ್ ಮ್ಯೂಸಿಯಂ ಇದೆ. ವೇಲ್ಸ್‌ನ ಕೈಗಾರಿಕೆಯ ಕಥೆ ಅಲ್ಲಿ ವಿವರವಾಗಿ ಸಿಗುತ್ತದೆ. ಟಿಕೆಟ್ ಇಲ್ಲ.