ಹೆಡ್‌ಫೋನ್‌ಗೆ ಆಂಪ್ ಹುಡುಕುವ ಮೊದಲು ಒಂದಿಷ್ಟು ಲೆಕ್ಕ

ಬಳ್ಳಾರಿಯಲ್ಲಿ ಕೂತು ದುಬಾರಿ ಹೆಡ್‌ಫೋನ್ ಕೊಳ್ಳುವುದು ಅಂದರೆ ಹೆಚ್ಚಿನ ಸಲ ಕೇಳದೆಯೇ ಕೊಳ್ಳುವುದು. ನಾಲ್ಕು ಆಂಪ್ (ಹೆಡ್‌ಫೋನ್‌ಗೆ ಹೋಗುವ ಸಂಕೇತಕ್ಕೆ ಬಲ ಕೊಡುವ ಆಂಪ್ಲಿಫೈಯರ್) ಪಕ್ಕಪಕ್ಕ ಇಟ್ಟು ಕೇಳಿಸುವ ಅಂಗಡಿ ಬೇಕೆಂದರೆ ಬೆಂಗಳೂರಿಗೋ ಹೈದರಾಬಾದಿಗೋ ಬಸ್ಸು ಹತ್ತಬೇಕು. ಅಲ್ಲಿ ಹೋದರೂ ಗಿರಾಕಿಗಳ ಗದ್ದಲದ ನಡುವೆ ಸಿಗುವುದು ಹತ್ತು ನಿಮಿಷ. ಹಾಗಾಗಿ ನಮ್ಮ ಕಡೆಯವರು ವಿಡಿಯೊ ನೋಡಿ, ವಿಮರ್ಶೆ ಓದಿ, ಆನ್‌ಲೈನ್‌ನಲ್ಲಿ ತರಿಸಿಕೊಳ್ಳುತ್ತಾರೆ. ಆಮೇಲೆ ಡಬ್ಬದ ಸಮೇತ ಬ್ರೂಸ್‌ಪೇಟೆಯ ನನ್ನ ಸರ್ವಿಸ್ ಅಂಗಡಿಗೆ ಬರುತ್ತಾರೆ. ಕೇಳುವ ಪ್ರಶ್ನೆ ಒಂದೇ: "ಅಣ್ಣಾ, ಇದಕ್ಕೆ ಯಾವ ಆಂಪ್ ಹಾಕಿದ್ರೆ ಸೌಂಡ್ ಚೆನ್ನಾಗಿ ಬರುತ್ತೆ?"

ಅರ್ಧ ಉತ್ತರ ಆ ಡಬ್ಬದ ಮೇಲೇ ಇರುತ್ತದೆ. ಹೆಡ್‌ಫೋನ್‌ನ ಇಂಪೀಡೆನ್ಸ್ (ಕರೆಂಟಿಗೆ ಅದು ಒಡ್ಡುವ ತಡೆ) ಎಷ್ಟು ಓಮ್, ಸೆನ್ಸಿಟಿವಿಟಿ (ಇಷ್ಟು ಕೊಟ್ಟರೆ ಎಷ್ಟು ಜೋರು ಅನ್ನುವ ಅಳತೆ) ಎಷ್ಟು ಡೆಸಿಬೆಲ್, ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ ಎಷ್ಟು. ಈ ಮೂರು ಅಂಕಿ ಗೊತ್ತಿದ್ದರೆ ಕೇಳದೆ ಕೊಳ್ಳುವವನಿಗೂ ಮೋಸ ಆಗುವುದು ಕಡಿಮೆ. ನನ್ನ ಅನುಭವದಲ್ಲಿ ಜನ ಮೊದಲನೆಯದನ್ನು ಮಾತ್ರ ನೋಡುತ್ತಾರೆ. "300 ಓಮ್ ಇದೆ, ಇದಕ್ಕೆ ದೊಡ್ಡ ಆಂಪೇ ಬೇಕು" ಅಂತ ತೀರ್ಮಾನ ಮಾಡಿಬಿಡುತ್ತಾರೆ. ಓಮ್ ಒಂದನ್ನೇ ನೋಡಿ ಹಾಗೆ ಹೇಳಲು ಬರುವುದಿಲ್ಲ.

ಒಂದು ಉದಾಹರಣೆ ನೋಡಿ. ಸೆನ್‌ಹೈಸರ್ ಎಚ್‌ಡಿ 650 ಹೆಡ್‌ಫೋನ್‌ನ ಸೆನ್ಸಿಟಿವಿಟಿ 103 ಡೆಸಿಬೆಲ್. ಆಡೀಜ್ ಎಲ್‌ಸಿಡಿ-ಎಕ್ಸ್‌ನದೂ 103 ಡೆಸಿಬೆಲ್. ಎರಡೂ ಒಂದೇ ಅಲ್ವಾ ಅನ್ನಿಸುತ್ತದೆ. ಆದರೆ ಸೆನ್‌ಹೈಸರ್ ಹೇಳುವುದು 1 ವೋಲ್ಟಿಗೆ, ಆಡೀಜ್ ಹೇಳುವುದು 1 ಮಿಲಿವ್ಯಾಟಿಗೆ. ಆಡೀಜ್ 20 ಓಮ್‌ನದು. ಅದಕ್ಕೆ 1 ವೋಲ್ಟ್ ಕೊಟ್ಟರೆ 50 ಮಿಲಿವ್ಯಾಟ್ ಆಗುತ್ತದೆ, ಅಂದರೆ ಇನ್ನೂ 17 ಡೆಸಿಬೆಲ್ ಮೇಲೆ. ಅದೇ 1 ವೋಲ್ಟಿಗೆ ಸೆನ್‌ಹೈಸರ್ 103, ಆಡೀಜ್ 120. ಕಾಗದದ ಮೇಲೆ ಒಂದೇ ಅಂಕಿ, ಕಿವಿಯಲ್ಲಿ ಅಜಗಜಾಂತರ. ಆದ್ದರಿಂದ ಡೆಸಿಬೆಲ್ ಪಕ್ಕದಲ್ಲಿ ವೋಲ್ಟ್ ಅಂತ ಬರೆದಿದೆಯೋ ಮಿಲಿವ್ಯಾಟ್ ಅಂತ ಬರೆದಿದೆಯೋ ಮೊದಲು ನೋಡಿ.

ಈಗ ಆಂಪ್ ಎಷ್ಟು ಕೊಡಬೇಕು ಅನ್ನುವ ಲೆಕ್ಕ. ನಾನು 110 ಡೆಸಿಬೆಲ್ ಗುರಿ ಇಟ್ಟುಕೊಳ್ಳುತ್ತೇನೆ. ಅಷ್ಟು ಜೋರಾಗಿ ಕೇಳಿ ಅಂತಲ್ಲ. ನಾವು ಕೇಳುವ ಸರಾಸರಿ ಮಟ್ಟ 75-80ರ ಆಸುಪಾಸಿನಲ್ಲಿದ್ದರೆ ಸಾಕು, ಅದಕ್ಕಿಂತ ಜೋರಾಗಿ ಜಾಸ್ತಿ ಹೊತ್ತು ಕೇಳಿದರೆ ಕಿವಿ ಹಾಳಾಗುತ್ತದೆ. ಆದರೆ ತಬಲಾದ ಒಂದು ಗಟ್ಟಿ ಪೆಟ್ಟು ಸರಾಸರಿಗಿಂತ 20 ಡೆಸಿಬೆಲ್, ಕೆಲವು ಸಲ ಇನ್ನೂ ಮೇಲೆ ಜಿಗಿಯುತ್ತದೆ. ಆ ಕ್ಷಣಕ್ಕೆ ಆಂಪ್ ಸುಸ್ತಾಗಬಾರದು.

110 ಡೆಸಿಬೆಲ್‌ಗೆ ಎಚ್‌ಡಿ 650 ಕೇಳುವುದು ಸುಮಾರು 2.2 ವೋಲ್ಟ್. ಕರೆಂಟ್ 7-8 ಮಿಲಿಆಂಪಿಯರ್ ಅಷ್ಟೇ. ಎಲ್‌ಸಿಡಿ-ಎಕ್ಸ್‌ಗೆ 0.32 ವೋಲ್ಟ್, 16 ಮಿಲಿಆಂಪಿಯರ್. ಈಗ ಹೈಫೈಮ್ಯಾನ್‌ನ ಹಳೆಯ ಎಚ್‌ಇ-6 ತೆಗೆದುಕೊಳ್ಳಿ. ಅದು 50 ಓಮ್, ಆದರೆ ಸೆನ್ಸಿಟಿವಿಟಿ 1 ಮಿಲಿವ್ಯಾಟಿಗೆ ಬರೀ 83.5. ಅದಕ್ಕೆ 4.7 ವೋಲ್ಟ್ ಬೇಕು, ಜೊತೆಗೆ 95 ಮಿಲಿಆಂಪಿಯರ್. ಪವರ್ ಲೆಕ್ಕದಲ್ಲಿ 450 ಮಿಲಿವ್ಯಾಟ್ ಹತ್ತಿರ. 300 ಓಮ್‌ನ ಸೆನ್‌ಹೈಸರ್‌ಗೆ 16-17 ಮಿಲಿವ್ಯಾಟ್ ಸಾಕಾದರೆ 50 ಓಮ್‌ನ ಇದಕ್ಕೆ ಅದರ 25 ಪಟ್ಟಿಗಿಂತ ಜಾಸ್ತಿ. ಕೆಲವರು ಎಚ್‌ಇ-6ಗೆ ಸ್ಪೀಕರ್ ಆಂಪ್ ಹಾಕುತ್ತಾರೆ ಅಂದರೆ ಅದು ಶೋಕಿ ಅಲ್ಲ, ಲೆಕ್ಕವೇ ಹಾಗಿದೆ.

ಇದರ ಇನ್ನೊಂದು ಮಗ್ಗುಲೂ ಇದೆ. ಫೋನಿಗೆ ಸಿಕ್ಕಿಸುವ ಒಳ್ಳೆಯ ಸಣ್ಣ ಡಾಂಗಲ್ ಸುಮಾರು 1 ವೋಲ್ಟ್ ಕೊಡುತ್ತದೆ. ಎಲ್‌ಸಿಡಿ-ಎಕ್ಸ್‌ಗೆ ಅಷ್ಟು ವೋಲ್ಟೇಜ್ ಬೇಕಾಗುವುದೇ ಇಲ್ಲ. ಎಚ್‌ಡಿ 650ಗೂ 103ರವರೆಗೆ ಹೋಗುತ್ತದೆ, ಮಧ್ಯಮ ದನಿಯಲ್ಲಿ ಕೇಳುವವರಿಗೆ ಅಷ್ಟು ಸಾಲುತ್ತದೆ. "ಡಾಂಗಲ್‌ನಲ್ಲಿ ಹೆಡ್‌ಫೋನ್ ಎದ್ದೇಳಲ್ಲ" ಅಂತ ಬರುವವರಿಗೆ ನಾನು ಮೊದಲು ಈ ಲೆಕ್ಕ ಬರೆದು ತೋರಿಸುತ್ತೇನೆ. ಸುಮ್ನೆ ಮೂವತ್ತು ಸಾವಿರ ಖರ್ಚು ಮಾಡಿಸುವುದು ನನಗೆ ಇಷ್ಟವಿಲ್ಲ.

ಸೂಕ್ಷ್ಮ ಹೆಡ್‌ಫೋನ್‌ಗೆ ಭಾರಿ ಆಂಪ್ ಹಾಕಿದರೆ ಬೇರೆ ತೊಂದರೆ ಶುರುವಾಗುತ್ತದೆ. ವಾಲ್ಯೂಮ್ ಗುಂಡಿಯನ್ನು ಸ್ವಲ್ಪ ತಿರುಗಿಸಿದರೆ ಸಾಕು, ದನಿ ಜೋರಾಗಿಬಿಡುತ್ತದೆ. ಗುಂಡಿಯ ಬುಡದಲ್ಲಿ ಎಡ-ಬಲ ಸಮ ಇರುವುದಿಲ್ಲ, ಒಂದು ಕಿವಿಗೆ ಹೆಚ್ಚು ಒಂದಕ್ಕೆ ಕಡಿಮೆ ಬರುತ್ತದೆ. ಹಿಂದೆ 'ಸ್' ಅಂತ ಸದ್ದೂ ಕೇಳುತ್ತದೆ. ಆಂಪ್‌ನಲ್ಲಿ ಗೇನ್ (ಸಂಕೇತವನ್ನು ಎಷ್ಟು ಪಟ್ಟು ಹಿಗ್ಗಿಸಬೇಕು ಅನ್ನುವ) ಸ್ವಿಚ್ ಇದ್ದರೆ ಮೊದಲು ಲೋ ಗೇನ್‌ನಲ್ಲೇ ಕೇಳಿ. ಸಾಲದಿದ್ದರೆ ಮಾತ್ರ ಹೈಗೆ ಹಾಕಿ.

ಇನ್ನು ಮೂರನೆಯ ಅಂಕಿ. ದನಿಯ ಬಣ್ಣ ಬದಲಾಗುವುದು ಇಲ್ಲಿ. ಆಂಪ್‌ಗೂ ತನ್ನದೇ ಔಟ್‌ಪುಟ್ ಇಂಪೀಡೆನ್ಸ್ ಇರುತ್ತದೆ. ಈಗಿನ ಟ್ರಾನ್ಸಿಸ್ಟರ್ ಆಂಪ್‌ಗಳಲ್ಲಿ ಅದು 1 ಓಮ್ ಆಸುಪಾಸು ಅಥವಾ ಇನ್ನೂ ಕಡಿಮೆ. ಔಟ್‌ಪುಟ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲದ ವಾಲ್ವ್ (ಗಾಜಿನ ಕೊಳವೆಯ) ಆಂಪ್‌ಗಳಲ್ಲಿ, ಅಂದರೆ ಒಟಿಎಲ್‌ಗಳಲ್ಲಿ, 100 ಓಮ್ ದಾಟಿರುವುದೂ ಉಂಟು. ವಿದ್ಯುತ್ ಸಾಧನಗಳಿಗೆ ಅಂತರರಾಷ್ಟ್ರೀಯ ಮಾನದಂಡ ಹಾಕುವ ಐಇಸಿ ಸಂಸ್ಥೆಯ 1996ರ 61938 ಮಾನದಂಡವೇ 120 ಓಮ್ ಅಂತ ಹೇಳಿತ್ತು. ಹಳೆಯ ಸಾಧನಗಳ ಹೆಡ್‌ಫೋನ್ ಜಾಕ್‌ಗಳಲ್ಲಿ ಅಂಥ ದೊಡ್ಡ ರೆಸಿಸ್ಟರ್ ಇವತ್ತಿಗೂ ಸಿಗುತ್ತದೆ. ರಿಪೇರಿಗೆ ಬಂದ ಹಳೆಯ ರಿಸೀವರ್ ಬಿಚ್ಚಿ ನೋಡಿದರೆ ಕಣ್ಣಿಗೇ ಕಾಣುತ್ತದೆ.

ಹೆಡ್‌ಫೋನ್ ಮೇಲೆ 300 ಓಮ್ ಅಂತ ಬರೆದಿದ್ದರೂ ಎಲ್ಲ ಸ್ವರಕ್ಕೂ ಅದು 300 ಆಗಿರುವುದಿಲ್ಲ. ಸೆನ್‌ಹೈಸರ್ ಎಚ್‌ಡಿ 600 ತೆಗೆದುಕೊಳ್ಳಿ. 100 ಹರ್ಟ್ಜ್ ಹತ್ತಿರ, ಅಂದರೆ ಬಾಸ್ ಇರುವ ಕಡೆ, ಅದರ ಇಂಪೀಡೆನ್ಸ್ ಸುಮಾರು 500 ಓಮ್‌ಗೆ ಏರುತ್ತದೆ. 120 ಓಮ್‌ನ ಆಂಪ್‌ಗೆ ಇದನ್ನು ಜೋಡಿಸಿದಾಗ ಏನಾಗುತ್ತದೆ? 300 ಓಮ್ ಇರುವ ಕಡೆ ಹೆಡ್‌ಫೋನ್‌ಗೆ ಸಿಗುವುದು ಆಂಪ್‌ನ ವೋಲ್ಟೇಜಿನಲ್ಲಿ 71 ಶೇಕಡಾ. 500 ಇರುವ ಕಡೆ 81 ಶೇಕಡಾ. ವ್ಯತ್ಯಾಸ ಸುಮಾರು 1 ಡೆಸಿಬೆಲ್. ಕೇಳಲು ಕಡಿಮೆ ಅನ್ನಿಸಬಹುದು. ಆದರೆ ಡಗ್ಗಾದ 'ಗುಂಯ್' ಅನ್ನುವ ದನಿಯ ಬುಡ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಆ ಜಾಗದಲ್ಲಿ ಅಗಲವಾಗಿ 1 ಡೆಸಿಬೆಲ್ ಎದ್ದರೆ ತಬಲಾ ಮೈ ತುಂಬಿಕೊಂಡ ಹಾಗೆ ಕೇಳುತ್ತದೆ. ಇದನ್ನೇ ಜನ "ವಾಲ್ವ್ ಆಂಪ್‌ನಲ್ಲಿ ಬೆಚ್ಚಗಿದೆ" ಅನ್ನುವುದು. ವಾಲ್ವ್ ತನ್ನದೂ ಸ್ವಲ್ಪ ಬಣ್ಣ ಸೇರಿಸುತ್ತದೆ, ನಿಜ. ಆದರೆ ಈ ಜೋಡಿಯಲ್ಲಿ ದೊಡ್ಡ ಪಾಲು ಔಟ್‌ಪುಟ್ ಇಂಪೀಡೆನ್ಸಿನದು ಅನ್ನುವುದು ನನ್ನ ಅಭಿಪ್ರಾಯ. ಎಚ್‌ಡಿ 600, 650ಗಳ ಜೊತೆ ಒಟಿಎಲ್ ಆಂಪ್ ಕೇಳಿ ಮನಸೋತವರು ಲೋಕದ ತುಂಬ ಇದ್ದಾರೆ. ನನಗೂ ಆ ಜೋಡಿ ಇಷ್ಟ. ಯಾಕೆ ಇಷ್ಟ ಅಂತ ಗೊತ್ತಿದ್ದರೆ ಇನ್ನೂ ಒಳ್ಳೆಯದು, ಅಷ್ಟೇ.

ಅದೇ ವಾಲ್ವ್ ಆಂಪ್‌ಗೆ ಎಲ್‌ಸಿಡಿ-ಎಕ್ಸ್ ಹಾಕಿದರೆ ಆ ಮಜಾ ಬರುವುದಿಲ್ಲ. ಅದು ಪ್ಲೇನಾರ್, ಅಂದರೆ ತೆಳ್ಳಗಿನ ಚಪ್ಪಟೆ ಹಾಳೆ ಅದುರಿ ದನಿ ಮಾಡುವ ಜಾತಿಯದು. ಇಂಥ ಹೆಡ್‌ಫೋನ್‌ಗಳ ಇಂಪೀಡೆನ್ಸ್ ಎಲ್ಲ ಸ್ವರಕ್ಕೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಬಾಸ್ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. 120 ಓಮ್ ಎದುರು 20 ಓಮ್ ನಿಂತರೆ ವೋಲ್ಟೇಜಿನ ಏಳನೇ ಒಂದು ಪಾಲು ಮಾತ್ರ ಹೆಡ್‌ಫೋನ್ ತಲುಪುತ್ತದೆ. ಮೇಲಾಗಿ ಒಟಿಎಲ್‌ಗೆ ಅಷ್ಟು ಕಡಿಮೆ ಓಮ್‌ಗೆ ಕರೆಂಟ್ ಕೊಡುವುದೇ ಕಷ್ಟ, ದನಿ ಒಡೆಯುತ್ತದೆ. ಕಿವಿಯೊಳಗೆ ಹಾಕುವ, ಮೂರು-ನಾಲ್ಕು ಡ್ರೈವರ್ (ದನಿ ಮಾಡುವ ಪುಟ್ಟ ಘಟಕ) ಇರುವ ಇಯರ್‌ಫೋನ್‌ಗಳ ಪಾಡು ಇನ್ನೂ ಸೂಕ್ಷ್ಮ. ಅವುಗಳ ಇಂಪೀಡೆನ್ಸ್ ಒಂದು ಸ್ವರಕ್ಕೆ ಕೆಲವೇ ಓಮ್, ಇನ್ನೊಂದಕ್ಕೆ ಅದರ ಹಲವು ಪಟ್ಟು. 10 ಓಮ್‌ನ ಆಂಪ್ ಕೂಡ ಅವುಗಳ ದನಿಯನ್ನು ಗುರುತು ಸಿಗದಷ್ಟು ತಿರುಗಿಸಬಹುದು. ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ ಹೆಡ್‌ಫೋನ್‌ನದರ ಎಂಟನೇ ಒಂದು ಪಾಲಿಗಿಂತ ಕಡಿಮೆ ಇರಲಿ ಅನ್ನುವ ಚಾಲ್ತಿಯ ಲೆಕ್ಕ ಬಂದಿರುವುದು ಇದಕ್ಕೇ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಹೆಡ್‌ಫೋನ್‌ನ ಸ್ವಭಾವವನ್ನು ಆಂಪ್‌ನಿಂದ ತಿದ್ದಲು ಹೋಗಬೇಡಿ. 2009ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 800ಕ್ಕೆ 6 ಕಿಲೊಹರ್ಟ್ಜ್ ಹತ್ತಿರ ಒಂದು ಏರು ಇದೆ, ಅಂದರೆ ಆ ಮೇಲಿನ ಸ್ವರಗಳು ಬೇಕಾದ್ದಕ್ಕಿಂತ ಜೋರು. ತಾಳದ ಸದ್ದು, ಹಾಡುವವರ 'ಸ', 'ಶ' ಅಕ್ಷರಗಳು ಅಲ್ಲಿ ಚುಚ್ಚುತ್ತವೆ. ಇದನ್ನು ಮೆತ್ತಗೆ ಮಾಡಲಿಕ್ಕೆ ಆಂಪ್ ಮೇಲೆ ಆಂಪ್ ಬದಲಿಸಿದವರಿದ್ದಾರೆ. ಆಂಪ್ ಆ ಏರನ್ನು ತೆಗೆಯುವುದಿಲ್ಲ. ಕಂಪನಿಯವರೇ ಮುಂದೆ 800 ಎಸ್ ಮಾದರಿಯಲ್ಲಿ ಕಪ್ಪಿನ ಒಳಗೇ ಅದನ್ನು ಹೀರುವ ವ್ಯವಸ್ಥೆ ಮಾಡಿದರು. ಹಳೆಯದು ಕೈಯಲ್ಲಿದ್ದರೆ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಈಕ್ವಲೈಜರ್ ಹಾಕಿ ಆ ಜಾಗದಲ್ಲಿ ಕೆಲವು ಡೆಸಿಬೆಲ್ ಇಳಿಸಿ. ಪೈಸೆ ಖರ್ಚಿಲ್ಲ.

ಹೋಲಿಕೆ ಮಾಡುವ ವಿಧಾನಕ್ಕೆ ಬರುತ್ತೇನೆ, ಯಾಕಂದರೆ ಇಲ್ಲಿ ದಾರಿ ತಪ್ಪುವವರೇ ಜಾಸ್ತಿ. ಎರಡು ಆಂಪ್‌ಗಳಲ್ಲಿ ಒಂದು ಅರ್ಧ ಡೆಸಿಬೆಲ್ ಜೋರಿದ್ದರೂ ಸಾಕು. ಕಿವಿಗೆ ಅದು ಜೋರು ಅನ್ನಿಸುವುದಿಲ್ಲ. ಚೊಕ್ಕ ಅನ್ನಿಸುತ್ತದೆ, ಬಾಸ್ ಇದೆ ಅನ್ನಿಸುತ್ತದೆ, ಗಾಯಕ ಹತ್ತಿರ ಕೂತ ಹಾಗೆ ಅನ್ನಿಸುತ್ತದೆ. ಫ್ಲೆಚರ್ ಮತ್ತು ಮನ್ಸನ್ ಅನ್ನುವ ವಿಜ್ಞಾನಿಗಳು 1933ರಲ್ಲೇ ತೋರಿಸಿದ್ದಾರೆ, ದನಿ ಏರಿದಂತೆ ಕಿವಿ ಕೆಳಸ್ವರಗಳನ್ನು ಬೇರೆ ರೀತಿ ಹಿಡಿಯುತ್ತದೆ ಅಂತ. ಗುಂಡಿಯನ್ನು ಕಣ್ಣಂದಾಜಿನಲ್ಲಿ ಸಮ ಮಾಡಿ ಕೊಟ್ಟ ತೀರ್ಪಿಗೆ ಬೆಲೆ ಇಲ್ಲ.

ಬೇಕಾಗುವುದು ಒಂದು ಸಾಧಾರಣ ಮಲ್ಟಿಮೀಟರ್ ಮತ್ತು ಒಂದರಿಂದ ಎರಡಾಗುವ ಜಾಕ್ ಸ್ಪ್ಲಿಟರ್. ಒಂದು ಕಡೆ ಹೆಡ್‌ಫೋನ್, ಇನ್ನೊಂದು ಕಡೆ ಮೀಟರಿನ ಕಡ್ಡಿ. ಹೆಡ್‌ಫೋನ್ ಸಿಕ್ಕಿಸಿಯೇ ಅಳೆಯಬೇಕು. ಬರೀ ಜಾಕ್ ಅಳೆದರೆ ಔಟ್‌ಪುಟ್ ಇಂಪೀಡೆನ್ಸಿನ ಆಟ ಲೆಕ್ಕಕ್ಕೆ ಸಿಗುವುದಿಲ್ಲ. 1 ಕಿಲೊಹರ್ಟ್ಜ್ ಟೋನ್ ಹಾಕಿ, ಹೆಡ್‌ಫೋನ್ ಕಿವಿಯಿಂದ ತೆಗೆದಿಡಿ, ಮೀಟರನ್ನು ಎಸಿ ವೋಲ್ಟಿಗೆ ಇಡಿ. ಮೊದಲ ಆಂಪ್ 0.300 ವೋಲ್ಟ್ ತೋರಿಸಿದರೆ ಎರಡನೆಯದನ್ನೂ 0.300ಕ್ಕೆ ತನ್ನಿ. 0.303 ಆದರೂ ಪರವಾಗಿಲ್ಲ, ಅದು 0.1 ಡೆಸಿಬೆಲ್‌ಗಿಂತ ಕಡಿಮೆ ವ್ಯತ್ಯಾಸ. ಅಗ್ಗದ ಮೀಟರ್‌ಗಳು 400 ಹರ್ಟ್ಜ್ ದಾಟಿದ ಮೇಲೆ ಸರಿಯಾಗಿ ಓದದೇ ಇರಬಹುದು. ಆದರೆ ತಪ್ಪು ಎರಡು ಆಂಪ್‌ಗೂ ಒಂದೇ ಆಗಿರುವುದರಿಂದ ನಮ್ಮ ಕೆಲಸ ಕೆಡುವುದಿಲ್ಲ. ಬ್ಯಾಲೆನ್ಸ್‌ಡ್ ಔಟ್‌ಪುಟ್ (ಎಡಕ್ಕೂ ಬಲಕ್ಕೂ ಬೇರೆ ಬೇರೆ ಮೈನಸ್ ತಂತಿ) ಇರುವ ಆಂಪ್ ಆದರೆ ಮಾತ್ರ ಹುಷಾರು. ಅದರ ಎಡ-ಬಲದ ಮೈನಸ್ ತಂತಿಗಳನ್ನು ಒಟ್ಟು ಸೇರಿಸುವ ಸ್ಪ್ಲಿಟರ್ ಹಾಕಿದರೆ ಆಂಪ್ ಸುಟ್ಟುಹೋಗಬಹುದು.

ಆಮೇಲೆ ಮನೆಯವರನ್ನು ಯಾರನ್ನಾದರೂ ಕರೆದು ಆಂಪ್ ಬದಲಿಸಲು ಹೇಳಿ. ಯಾವುದು ಅಂತ ನಿಮಗೆ ಕಾಣಬಾರದು. ಬದಲಿಸುವುದು ಕೆಲವೇ ಸೆಕೆಂಡಿನಲ್ಲಿ ಆಗಬೇಕು. ಕಿವಿಯ ನೆನಪು ಬಹಳ ಗಿಡ್ಡ. 10 ಸಲ ಕೇಳಿ 9 ಸಲ ಸರಿಯಾಗಿ ಹೇಳಿದರೆ ನಿಮಗೆ ನಿಜವಾಗಿಯೂ ವ್ಯತ್ಯಾಸ ಕೇಳುತ್ತಿದೆ ಅಂತ ನಂಬುತ್ತೇನೆ. ಸುಮ್ನೆ ಊಹೆಯಲ್ಲಿ ಅಷ್ಟು ಸರಿಯಾಗುವ ಸಾಧ್ಯತೆ 100ಕ್ಕೆ ಸುಮಾರು 1. ಸಾಕಷ್ಟು ಪವರ್ ಇರುವ, ಔಟ್‌ಪುಟ್ ಇಂಪೀಡೆನ್ಸ್ ಕಡಿಮೆ ಇರುವ ಎರಡು ಒಳ್ಳೆಯ ಟ್ರಾನ್ಸಿಸ್ಟರ್ ಆಂಪ್‌ಗಳನ್ನು ಹೀಗೆ ಕೇಳಿಸಿದಾಗ ಅಂಗಡಿಗೆ ಬಂದವರು ಹೆಚ್ಚಾಗಿ ಐದಾರಕ್ಕೆ ನಿಲ್ಲುತ್ತಾರೆ. ಒಟಿಎಲ್ ವಾಲ್ವ್ ಎದುರು ಟ್ರಾನ್ಸಿಸ್ಟರ್ ಇಟ್ಟು, ಎಚ್‌ಡಿ 600ನಲ್ಲಿ ತಬಲಾ ಹಾಕಿದರೆ ಹಲವರು ಸಲೀಸಾಗಿ ಹಿಡಿಯುತ್ತಾರೆ. ಪರೀಕ್ಷೆಗೆ ಹೊಸ, ಚೊಕ್ಕ ಧ್ವನಿಮುದ್ರಣ ಆರಿಸಿ. ಪಂಡಿತ ಸಿದ್ದರಾಮ ಜಂಬಲದಿನ್ನಿಯವರ ವಚನ ಗಾಯನ ಕೇಳುತ್ತ ಬೆಳೆದವರು ರಾಯಚೂರು ಕಡೆ ಬಹಳ. ಅದು ಕೂತು ಆನಂದಿಸುವ ಸಂಗೀತ. ಆದರೆ ಆ ಕಾಲದ ಟೇಪುಗಳಲ್ಲಿ ಟೇಪಿನದೇ ಸರಸರ ಇರುವಾಗ ಆಂಪ್‌ನ ಸಣ್ಣ ಸದ್ದನ್ನು ಅಲ್ಲಿ ಹುಡುಕಲು ಆಗುವುದಿಲ್ಲ.

ನಮ್ಮ ಊರಿನದೇ ಆದ ಕೆಲವು ಅಡ್ಡಿಗಳಿವೆ. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಫ್ಯಾನ್ ಆರಿಸಲು ಆಗುವುದಿಲ್ಲ. ಓಪನ್ ಬ್ಯಾಕ್ (ಕಪ್ಪಿನ ಹಿಂಬದಿ ತೆರೆದಿರುವ) ಹೆಡ್‌ಫೋನ್‌ಗೆ ಫ್ಯಾನಿನ ಸದ್ದು ನೇರ ಒಳಗೆ ಬರುತ್ತದೆ, ತಂಬೂರಿಯ ಸಣ್ಣ ನಾದ ಅದರಲ್ಲಿ ಮುಳುಗುತ್ತದೆ. ಹೋಲಿಕೆ ಮಾಡುವುದಿದ್ದರೆ ಬೆಳಗಿನ ಜಾವ ಐದಕ್ಕೆ ಕೂತುಕೊಳ್ಳಿ. ಬೆವರಿಗೆ ಇಯರ್‌ಪ್ಯಾಡ್ ಬೇಗ ಚಪ್ಪಟೆಯಾಗುತ್ತದೆ, ಬಿರುಕು ಬಿಡುತ್ತದೆ. ಹಳೆಯ ಪ್ಯಾಡ್ ದನಿಯನ್ನು ಕೆಡಿಸುವಷ್ಟು ಸರಿಯಾಗಿ ಹೊಂದುವ ಯಾವ ಆಂಪೂ ಕೆಡಿಸುವುದಿಲ್ಲ. "ಮೊದಲಿನ ಹಾಗೆ ಬಾಸ್ ಇಲ್ಲ ಅಣ್ಣಾ, ಆಂಪ್ ಬದಲಿಸ್ಬೇಕಾ?" ಅಂತ ಕೇಳುವವರಿಗೆ ನಾನು ಮೊದಲು ಪ್ಯಾಡ್ ಬದಲಿಸಲು ಹೇಳುತ್ತೇನೆ. ಕ್ಲಾಸ್ ಎ (ಸದಾ ಬಿಸಿಯಾಗಿರುವ ಜಾತಿಯ) ಆಂಪ್ ಇದ್ದರೆ ಅದರ ಮೇಲೆ ಪುಸ್ತಕ, ಬಟ್ಟೆ ಏನೂ ಇಡಬೇಡಿ, ಸುತ್ತ ಗಾಳಿ ಆಡಲಿ.

'ಗುಂಯ್' ಅಂತ ಹಮ್ ಬಂದರೆ ಆಂಪ್ ಕೆಟ್ಟಿದೆ ಅಂತ ತರಬೇಡಿ. ಲ್ಯಾಪ್‌ಟಾಪ್‌ನಿಂದ ಹಾಡು ಬರುತ್ತಿದ್ದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಹಮ್ ಹೋದರೆ ದೋಷ ಚಾರ್ಜರಿನದು ಅಥವಾ ಅರ್ಥಿಂಗಿನದು. ಬೇಸಿಗೆಯಲ್ಲಿ ನಮ್ಮ ನೆಲ ಒಣಗಿ ಅರ್ಥಿಂಗ್ ಗುಂಡಿ ಕೆಲಸ ಮಾಡುವುದನ್ನೇ ನಿಲ್ಲಿಸುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಫೇಸ್‌ನಿಂದ ಅರ್ಥ್‌ಗೆ ಅಳೆಸಿ. ಅದು ಫೇಸ್-ನ್ಯೂಟ್ರಲ್ ವೋಲ್ಟೇಜಿನ ಹತ್ತಿರ ಬರದಿದ್ದರೆ ಗುಂಡಿಗೆ ಉಪ್ಪು-ಇದ್ದಿಲು ಹಾಕಿಸಿ ಆಗಾಗ ನೀರು ಬಿಡಿ. ಹೊರದೇಶದಿಂದ ಬಂದ ಸೆಕೆಂಡ್ ಹ್ಯಾಂಡ್ ಆಂಪ್ ಆದರೆ ಪ್ಲಗ್ ಹಾಕುವ ಮುಂಚೆ ಹಿಂದಿನ ವೋಲ್ಟೇಜ್ ಸ್ವಿಚ್ ನೋಡಿ. 115ರಲ್ಲಿದ್ದರೆ 230ಕ್ಕೆ ತಳ್ಳಿ. ಸ್ವಿಚ್ಚೇ ಇಲ್ಲದೆ ಬರೀ 115 ಅಂತ ಬರೆದಿದ್ದರೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ತರುವ ತನಕ ಪ್ಲಗ್ ಹಾಕಲೇಬೇಡಿ.